ಒಣಗದ ಮೆಟ್ಟಿಲು

ಹೊಸಪೇಟೆಗೆ ಅಂಟಿಕೊಂಡ ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಏನು ಕಡಿಮೆಯಾದರೂ ಎಣ್ಣೆ ಕಡಿಮೆಯಾಗುತ್ತಿರಲಿಲ್ಲ. ಹಿತ್ತಲಲ್ಲಿ ಎರಡು ಗಾಣ, ಬೀದಿಗೆ ಮುಖ ಮಾಡಿದ ಅಂಗಡಿ, ನಡುವೆ ನಾವು. ಹೊಸಪೇಟೆಯ ಬಜಾರಿನಲ್ಲಿ ಶೇಂಗಾ ಎಣ್ಣೆ ಎಂದರೆ ನಮ್ಮದೇ ಎಂದು ನಾನು ಎದೆಯುಬ್ಬಿಸಿ ತಿರುಗುತ್ತಿದ್ದ ಕಾಲ ಅದು. ಸುಟ್ಟ ಗಾಯಕ್ಕೆ, ಎತ್ತಿನ ಕೊಂಬಿಗೆ, ಬಾಗಿಲ ತಿರುಗಣಿಗೆ, ಮಕ್ಕಳ ನೆತ್ತಿಗೆ, ಎಲ್ಲಕ್ಕೂ ನಮ್ಮ ಎಣ್ಣೆಯೇ ಸಾಕು ಎಂಬುದು ನನ್ನ ನಂಬಿಕೆ. ಆ ನಂಬಿಕೆ ಮತ್ತು ಮೂಗಿನ ತುದಿಯ ಸಿಟ್ಟು, ಎರಡೂ ನನಗೆ ಅಪ್ಪನಿಂದ ಬಂದ ಆಸ್ತಿ. ಎರಡೂ ಸೇರಿ ಒಮ್ಮೆ ನನ್ನ ಮಗಳನ್ನು ಎಲ್ಲಿಗೆ ತಂದು ನಿಲ್ಲಿಸಿದವು ಎಂದು ಬರೆಯಲು ಕೂತಿದ್ದೇನೆ. ಕೈ ಈಗಲೂ ಹಿಂಜರಿಯುತ್ತದೆ.

ಬಳ್ಳಾರಿ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಎಲ್ಲೋ ಯುದ್ಧ ನಡೆದಿತ್ತು, ಇಲ್ಲಿ ನಮಗೆ ಸೀಮೆಎಣ್ಣೆಯಿಂದ ಹಿಡಿದು ಸೂಜಿಯವರೆಗೆ ಎಲ್ಲದಕ್ಕೂ ಪರದಾಟ. ಮಗಳನ್ನು ಕಂಪ್ಲಿಗೆ ಕೊಟ್ಟಿದ್ದೆವು. ಅವಳ ಮೊದಲ ಬಸಿರು ಐದನೆಯ ತಿಂಗಳಲ್ಲಿ ನಿಲ್ಲದೆ ಹೋಗಿತ್ತು. ಎರಡನೆಯ ಸಲ ಮೂರು ತಿಂಗಳು ತುಂಬುತ್ತಲೇ ನಾನೇ ಹೋಗಿ ತವರಿಗೆ ಕರೆತಂದೆ. ಈ ಕೂಸಾದರೂ ಉಳಿಯಲಿ ಎಂದು ನನ್ನ ಹೆಂಡತಿ ದಿನಕ್ಕೆ ಹತ್ತು ಸಲ ಕೈ ಮುಗಿಯುತ್ತಿದ್ದಳು. ನಾನು ಕೈ ಮುಗಿಯದಿದ್ದರೂ ಮಗಳು ಸ್ವಲ್ಪ ಕೆಮ್ಮಿದರೆ ಸಾಕು, ತೂಗುತ್ತಿದ್ದ ತಕ್ಕಡಿ ಬಿಟ್ಟು ಒಳಗೆ ಓಡುತ್ತಿದ್ದೆ.

ಕೆಳಗೆ ಹಿಂಡಿಯ ವಾಸನೆಗೆ ಅವಳಿಗೆ ವಾಕರಿಕೆ ಬರುತ್ತಿತ್ತು. ಅದಕ್ಕೆ ಗಾಳಿ ಬೆಳಕಿರುವ ಮೇಲಿನ ಕೋಣೆ ಕೊಟ್ಟೆವು. ಅಲ್ಲಿಗೆ ಹೋಗುವ ಮೆಟ್ಟಿಲು ಪಡಸಾಲೆಯ ಮೂಲೆಯಲ್ಲಿತ್ತು. ಸಾಗುವಾನಿ ಹಲಗೆಯ ಹನ್ನೊಂದು ಮೆಟ್ಟಿಲು, ಕಡಿದಾದ ಏರು. ಒಂದು ಕಡೆ ಸುಣ್ಣದ ಗೋಡೆ, ಇನ್ನೊಂದು ಕಡೆ ಹಿಡಿದುಕೊಳ್ಳಲು ಮೇಲಿನ ತೊಲೆಯಿಂದ ಇಳಿಬಿಟ್ಟ ದಪ್ಪ ಹಗ್ಗ. ನನ್ನ ಮದುವೆಗೆಂದು ಅಪ್ಪ ಮೆಟ್ಟಿಲಿಗೆ ಹಸಿರು ಬಣ್ಣ ಹೊಡೆಸಿದ್ದರು. ಇಪ್ಪತ್ತು ವರ್ಷ ಗಾಣದವರ ಎಣ್ಣೆಗಾಲು ಬಿದ್ದು ಹಸಿರೆಲ್ಲ ಹೋಗಿ, ಕರಿಜಿಡ್ಡು ಉಳಿದಿತ್ತು. ನಮಗೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ, ರೂಢಿಯಾಗಿಬಿಟ್ಟಿತ್ತು.

ಕಣ್ಣಿಗೆ ಬಿದ್ದದ್ದು ಬೀಗತಿಗೆ. ಆರನೆಯ ತಿಂಗಳಲ್ಲಿ ಸೊಸೆಯನ್ನು ನೋಡಿ ಹೋಗಲು ಬಂದವರು ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟರು.

“ಏನ್ರಿ ಬೀಗರ, ಕಾಳಿನ ಹಗೇವಿನ್ಯಾಗ ಇಳದಂಗ ಐತಲ್ರಿ ಇದು! ಇಂಥಾ ಕತ್ತಲ ಮೆಟ್ಟಲ ಮ್ಯಾಲೆ ನನ್ನ ಸೊಸಿ ದಿನಾ ಹತ್ತಿ ಇಳಿತಾಳೇನು?”

“ಹಳೇ ಮನಿ ಅಲ್ರಿ,” ಎಂದೆ.

“ಹಳೇದಾದ್ರ ಹಳೇದು. ಒಂದು ಸಲ ಕಳ್ಕೊಂಡೇವಿ. ಕುಬುಸಕ್ಕ ಬಂದಾಗ ನೋಡ್ತೀನಿ. ಹಿಂಗ ಇದ್ರ ಕಂಪ್ಲಿಗೇ ಕರ್ಕೊಂಡು ಹೋಗ್ತೀನಿ, ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ.”

ಬೇಸರ ಮಾಡಿಕೊಳ್ಳಬೇಡಿ ಎಂದರೆ ಮಾಡಿಕೊಳ್ಳದೆ ಇರುತ್ತೇನೆಯೇ? ಅವರು ಹೋದ ಮೇಲೆ ಎರಡು ದಿನ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಆದರೆ ಸಿಟ್ಟಿನ ಕೆಳಗೆ ಭಯ ಇತ್ತು. ಏಳು ತಿಂಗಳ ಬಸುರಿಯನ್ನು ಗಾಡಿಯಲ್ಲಿ ಕೂರಿಸಿ ಆ ಕಲ್ಲುದಾರಿಯಲ್ಲಿ ಕಂಪ್ಲಿಗೆ ಎಬ್ಬಿಸಿಕೊಂಡು ಹೋದರೆ ಏನಾದೀತು? ಏಳನೆಯ ತಿಂಗಳ ಸೀಮಂತಕ್ಕೆ, ಕುಬುಸದ ಹೊತ್ತಿಗೆ, ಮೆಟ್ಟಿಲು ಬೀಗತಿಯ ಕಣ್ಣು ಕುಕ್ಕುವ ಹಾಗಾಗಬೇಕು, ಮರುಮಾತಾಡಬಾರದು ಎಂದು ನಿಶ್ಚಯಿಸಿದೆ.

ಡಬ್ಬಿಯ ಬಣ್ಣ ಯುದ್ಧದ ದೆಸೆಯಿಂದ ಸಿಗುತ್ತಿರಲಿಲ್ಲ. ಸಂಡೂರಿನಿಂದ ಬರುವ ಗಾಡಿಯವನಿಗೆ ಹೇಳಿ ಅಲ್ಲಿಯ ಗುಡ್ಡದ ಕೆಂಪು ಕಲ್ಲಿನ ಪುಡಿ ಒಂದು ಚೀಲ ತರಿಸಿದೆ. ಬೆರಳಿಗೆ ಹತ್ತಿದರೆ ಮೂರು ದಿನ ಹೋಗದ ಕೆಂಪು. ಊರಿನಲ್ಲಿ ಗಾಡಿ, ಬಾಗಿಲುಗಳಿಗೆ ಬಣ್ಣ ಹೊಡೆಯುವ ಮುದುಕ ಮೇಸ್ತ್ರಿಯೊಬ್ಬನಿದ್ದ, ಅವನನ್ನು ಕರೆಸಿದೆ. ಅವನು ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ನೋಡಿ ಮೆಚ್ಚಿದ.

“ಮಾಲು ಮಸ್ತ್ ಐತ್ರಿ ಸಾವ್ಕಾರ್ರ. ಅಗಸಿ ಎಣ್ಣಿ ತರಸ್ರಿ, ಕಾಸಿ ಕಲಸ್ತೀನಿ.”

“ಅಗಸಿ ಎಣ್ಣಿ ಯಾಕೋ? ಮನಿತುಂಬ ಎಣ್ಣಿ ಐತಿ.”

“ಶೇಂಗಾ ಎಣ್ಣಿ ಬ್ಯಾಡ್ರಿ. ಅದು ಒಣಗಂಗಿಲ್ಲ. ಅಗಸೀದು ಗಾಳಿಗೆ ಬಿಟ್ರ ಚರ್ಮ ಕಟ್ಟಿದಂಗ ಗಟ್ಟಿ ಆಕ್ಕೈತಿ.”

ಅಗಸೆ ಎಣ್ಣೆ ಇದ್ದದ್ದು ಬಜಾರಿನ ಎದುರು ಸಾಲಿನ ಅಂಗಡಿಯಲ್ಲಿ. ಆ ಅಂಗಡಿಯವನಿಗೂ ನನಗೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಎಣ್ಣೆ ಮಾರುವ ನಾನು ಡಬ್ಬಿ ಹಿಡಿದು ಅವನ ಕಟ್ಟೆಯ ಮುಂದೆ ನಿಲ್ಲುವುದೇ? ಆಳಿನ ಕೈಲಿ ತರಿಸಿದರೂ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ನಮ್ಮ ಎಣ್ಣೆ ಒಣಗುವುದಿಲ್ಲ ಎಂದರೆ ಅದರಲ್ಲೇನೋ ಊನವಿದೆ ಎಂದು ಹೇಳಿದಂತೆ ನನಗೆ ಕೇಳಿಸಿತು. ಮೇಸ್ತ್ರಿಯ ಮೇಲೆ ಹರಿಹಾಯ್ದೆ. ನನಗೆ ಎಣ್ಣೆಯ ವಿಷಯ ಹೇಳಲು ಬರುತ್ತೀಯಾ ಎಂದು ಕೇಳಿ ಅವನನ್ನು ಬಾಗಿಲಿನಿಂದಲೇ ಕಳಿಸಿದೆ.

ಗುರುವಾರ ನಾನೇ ಕಚ್ಚೆ ಕಟ್ಟಿ ಕೂತೆ. ಸೋಮವಾರ ಕುಬುಸ. ಕೊಪ್ಪರಿಗೆಯಲ್ಲಿ ಪುಡಿಗೆ ನಮ್ಮ ಹೊಸ ಎಣ್ಣೆ ಸುರಿದು ಕಲಸಿದೆ. ತೆಂಗಿನ ನಾರಿನ ಕುಂಚದಿಂದ ಮೇಲಿನ ಮೆಟ್ಟಿಲಿನಿಂದ ಕೆಳಗಿನವರೆಗೂ ಎರಡು ಕೈ ಬಳಿದೆ. ಸಂಜೆಯ ಬೆಳಕು ಪಡಸಾಲೆಗೆ ಬಂದಾಗ ಹನ್ನೊಂದು ಮೆಟ್ಟಿಲೂ ಕುಂಕುಮದ ಭರಣಿಯಿಂದ ಎದ್ದು ಬಂದ ಹಾಗೆ ಹೊಳೆಯುತ್ತಿದ್ದವು. ಮಗಳು ಮೇಲಿನ ಬಾಗಿಲಲ್ಲಿ ಕೂತು ನೋಡುತ್ತಿದ್ದಳು.

“ಛಲೋ ಬಂದೈತಪ್ಪಾ,” ಎಂದಳು.

ನನಗೆ ಅಷ್ಟು ಸಾಕಾಗಿತ್ತು. ಬೆಳಗಾಗುವಷ್ಟರಲ್ಲಿ ಒಣಗುತ್ತದೆ, ಅಲ್ಲಿಯವರೆಗೆ ಯಾರೂ ಕಾಲಿಡಬೇಡಿ ಎಂದು ಮನೆಮಂದಿಗೆಲ್ಲ ಕಟ್ಟಪ್ಪಣೆ ಮಾಡಿದೆ. ಬಸುರಿ ಹೆಣ್ಣು ಬೆಳಗಿನ ಜಾವ ಹೊರಗೆ ಹೋಗಬೇಕಾಗುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೆಂಡತಿಗೆ ಹೊಳೆದಿತ್ತಂತೆ. ನನ್ನ ಸಂಭ್ರಮ ನೋಡಿ ಬಾಯಿ ಮುಚ್ಚಿಕೊಂಡಿದ್ದಳು.

ಶುಕ್ರವಾರ ಬೆಳಕು ಹರಿಯುತ್ತಿದ್ದಂತೆ ಎದ್ದು ಮೊದಲು ನೋಡಿದ್ದು ಮೆಟ್ಟಿಲನ್ನು. ನಡುವಿನ ಮೂರು ಮೆಟ್ಟಿಲುಗಳ ಬಣ್ಣ ಒಂದೇ ಎಳೆತಕ್ಕೆ ಕಿತ್ತು ಹೋಗಿತ್ತು. ಪಕ್ಕದ ಸುಣ್ಣದ ಗೋಡೆಯ ಮೇಲೆ ಐದು ಕೆಂಪು ಬೆರಳು ಮೂಡಿದ್ದವು. ನನ್ನ ಮೈ ಉರಿದುಹೋಯಿತು. ಆಗ ನಾನು ಕಿರುಚಿದ್ದು ಎದುರು ಮನೆಯವರಿಗೂ ಕೇಳಿಸಿತ್ತು.

“ಯಾರದು? ಕಣ್ಣಿದ್ದೂ ಕುರುಡರೇನು? ಒಂದು ದಿನ, ಒಂದು ದಿನ ತಡಕೊಳ್ಳಾಕ ಆಗಲಿಲ್ಲೇನು ನಿಮಗ?”

ಹೆಂಡತಿ ಅಡಿಗೆಮನೆಯಿಂದ ಬಂದಳು. ಮಗಳು ಹಿತ್ತಲ ಬಚ್ಚಲಲ್ಲಿ ಕಾಲು ತೊಳೆದುಕೊಂಡು ಬಂದು ಕಂಬದ ಹಿಂದೆ ನಿಂತಳು. ಅವಳ ಮುಖ ನಾನು ನೋಡಲಿಲ್ಲ, ಅವಳು ಇಳಿದು ಬಂದದ್ದು ಹೇಗೆ ಎಂದೂ ಯೋಚಿಸಲಿಲ್ಲ. ಮೆಟ್ಟಿಲನ್ನೇ ನೋಡುತ್ತ ಗಾಣದ ಆಳುಗಳಿಗೆ, ಮನೆಯ ಬೆಕ್ಕಿಗೆ, ಎಲ್ಲರಿಗೂ ಬೈಯುತ್ತಿದ್ದೆ.

“ನಾನ ಇರ್ಬೇಕು ಬಿಡ್ರಿ, ನಿದ್ದಿಗಣ್ಣಾಗ ಏನೋ ತರಾಕ ಹತ್ತಿದ್ದೆ,” ಎಂದಳು ಹೆಂಡತಿ. ಕೂಗಾಟ ಮುಗಿಯಲಿ ಎಂದು ಮಾಡದ ತಪ್ಪನ್ನು ತಲೆಗೆ ಕಟ್ಟಿಕೊಂಡಿದ್ದಳು. ನಾನು ಅದನ್ನು ನಂಬಿ, ಮಗಳ ಎದುರೇ ಅವಳಿಗೆ ಆಡಬಾರದ್ದನ್ನೆಲ್ಲ ಆಡಿದೆ. ಆಮೇಲೆ ಕುಂಚ ಹಿಡಿದು ಕೂತು ಜಾರಿದ ಜಾಗಕ್ಕೆ ಇನ್ನೊಂದು ಕೈ ಬಳಿದೆ. ಗೋಡೆಯ ಬೆರಳುಗಳ ಮೇಲೆ ಸುಣ್ಣ ಹಚ್ಚಿದೆ. ಮಗಳು ಹೆಂಡತಿ ಮೆಟ್ಟಿಲಿಗೆ ಹಾಸಿಕೊಟ್ಟ ಗೋಣಿಚೀಲದ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ, ಹಗ್ಗ ಹಿಡಿದು ಮೇಲೆ ಹೋದಳು. ಬಣ್ಣಕ್ಕೆ ಎಷ್ಟು ಜೋಪಾನ ಮಾಡುತ್ತಾಳೆ ನೋಡು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಆ ದಿನದಿಂದ ಅವಳು ಕೆಳಗಿಳಿಯಲಿಲ್ಲ. ಮೆಟ್ಟಿಲು ಒಣಗುವವರೆಗೆ ಬೇಡವೇ ಬೇಡ ಎಂದು ಹೆಂಡತಿ ಮೇಲೆಯೇ ಎಲ್ಲ ಅನುಕೂಲ ಮಾಡಿಕೊಟ್ಟಳು.

ಮೆಟ್ಟಿಲು ಒಣಗಲಿಲ್ಲ. ಅದು ಬೇಸಿಗೆ. ಹೊಸಪೇಟೆಯ ಬಿಸಿಲಿಗೆ ಹಾಕಿದ ಹಪ್ಪಳ ತಿರುವಿ ಹಾಕುವಷ್ಟರಲ್ಲಿ ಒಣಗುತ್ತದೆ. ಆದರೆ ನನ್ನ ಮೆಟ್ಟಿಲಿಗೆ ಬೆರಳಿಟ್ಟರೆ ಶುಕ್ರವಾರ ಮಧ್ಯಾಹ್ನವೂ ಕೆಂಪು, ಶನಿವಾರ ಬೆಳಿಗ್ಗೆಯೂ ಕೆಂಪು. ಹಿತ್ತಲ ಬಾಗಿಲು, ಬೀದಿ ಬಾಗಿಲು ಎರಡೂ ತೆರೆದಿಟ್ಟು ಗಾಳಿ ಬಿಟ್ಟೆ. ಗಾಳಿಯ ಜೊತೆ ಶೇಂಗಾ ಹೊಟ್ಟು ಹಾರಿ ಬಂದು ಮೆಟ್ಟಿಲಿಗೆಲ್ಲ ಅಂಟಿಕೊಂಡಿತು. ಅದನ್ನು ಒಂದೊಂದಾಗಿ ಆರಿಸಿ ತೆಗೆದೆ. ಕೆಂಡದ ಅಗ್ಗಿಷ್ಟಿಕೆ ಮೆಟ್ಟಿಲ ಅಡಿಯಲ್ಲಿಟ್ಟರೆ ಎಣ್ಣೆ ತೆಳುವಾಗಿ ಇಳಿದು ಕೆಳಗಿನ ಮೆಟ್ಟಿಲಲ್ಲಿ ನಿಂತಿತು. ಹೆಂಡತಿ ಊಟದ ತಟ್ಟೆ ಹಿಡಿದು ಹತ್ತುವಾಗೆಲ್ಲ ಅವಳ ಕಾಲ ಕೆಳಗಿನ ಗೋಣಿ ಜಾರುತ್ತಿತ್ತು. ಕೆಳಗೆ ನಿಂತು ನೋಡುವ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಂಗಡಿಯಲ್ಲಿ ಕೂತರೆ ಗಿರಾಕಿಯ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಸೋಮವಾರ, ಸೋಮವಾರ ಎಂದು ಒಳಗೆ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಬೀಗತಿ ಬರುತ್ತಾರೆ, ಹಸಿರು ಸೀರೆ ಹಸಿರು ಬಳೆ ಹಿಡಿದು ಮೆಟ್ಟಿಲ ಮೇಲೆ ಕಾಲಿಡುತ್ತಾರೆ, ಜಾರುತ್ತಾರೆ. ಇಲ್ಲವೇ ಮಗಳು ಆರತಿಗೆ ಇಳಿಯುವಾಗ ಜಾರುತ್ತಾಳೆ. ಇವೆರಡೂ ಚಿತ್ರ ಕಣ್ಣ ಮುಂದೆ ಬಂದು ಬಂದು ಹೋಗುತ್ತಿದ್ದವು. ಅಷ್ಟಾದರೂ ತಪ್ಪು ಎಣ್ಣೆಯದು ಎಂದು ನಾನು ಒಪ್ಪಲಿಲ್ಲ. ಪುಡಿಯಲ್ಲೇ ಏನೋ ಕಲಬೆರಕೆ ಎಂದು ಸಂಡೂರಿನ ಗಾಡಿಯವನನ್ನು ಶಪಿಸಿದೆ. ಮೇಲೆ ಮಗಳು ಸರಿಯಾಗಿ ಉಣ್ಣುತ್ತಿಲ್ಲ ಎಂದು ಹೆಂಡತಿ ಹೇಳಿದಾಗ, ಬಿಸಿಲಿಗೆ ಹಾಗೆಯೇ ಇರುತ್ತದೆ ಎಂದುಬಿಟ್ಟೆ.

ಭಾನುವಾರ ಬೆಳಿಗ್ಗೆ ನಾಚಿಕೆ ಬಿಟ್ಟು ಮೇಸ್ತ್ರಿಯನ್ನು ಮತ್ತೆ ಕರೆಸಿದೆ. ಅವನು ಬೆರಳದ್ದಿ ಮೂಸಿ ನೋಡಿದ.

“ಮೊದಲ ಹೇಳಿದ್ನಲ್ರಿ. ಇದು ಮುಂದಿನ ವರ್ಷಾನೂ ಒಣಗಂಗಿಲ್ಲ. ಕೆರದು ತಗದು, ಸೌಳು ಮಣ್ಣಿನ ನೀರಾಗ ತಿಕ್ಕಿ ತೊಳದ್ರ ಸಂಜೀಕ ಬರೇ ಕಟ್ಟಿಗಿ ಉಳಿತೈತಿ. ಮ್ಯಾಲೆ ಇದ್ದೋರ್ನ ಜಲ್ದಿ ಇಳಸ್ರಿ. ಒಮ್ಮೆ ನೀರು ಹಾಕಿದ್ರ ಆಮ್ಯಾಲೆ ಇಳಿಯಾಕ ಆಗಂಗಿಲ್ಲ.”

ಬರೇ ಕಟ್ಟಿಗೆಯಾದರೂ ಸರಿ ಎನ್ನುವ ಸ್ಥಿತಿಗೆ ನಾನು ಬಂದಿದ್ದೆ. ಬುಡದಲ್ಲಿ ನಿಂತು ಮಗಳನ್ನು ಕೂಗಿದೆ.

“ನಾ ಇಳಿಯಂಗಿಲ್ಲಪ್ಪಾ.”

ಹುಟ್ಟಿದಾಗಿನಿಂದ ಅವಳು ನನ್ನ ಮಾತಿಗೆ ಇಲ್ಲ ಎಂದವಳಲ್ಲ. ನನಗೆ ಮತ್ತೆ ರೇಗಿತು. “ಏನ್ ಹಠ ಇದು? ನಾಳೆ ನಿಮ್ಮತ್ತಿ ಮುಂದ ನನ್ನ ಮರ್ಯಾದಿ ತಗೀಬೇಕಂತ ಮಾಡಿಯೇನು?” ಎಂದೆ. ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿ, ಗೋಣಿಯ ಮೇಲೆ ಕಾಲಿಟ್ಟು ಮೇಲೆ ಹೋದಳು.

ಅವಳು ತಿರುಗಿ ಬಂದಾಗ ಮೆಟ್ಟಿಲನ್ನು ಕೂತುಕೂತೇ ಇಳಿದಳು. ಸೀರೆಯೆಲ್ಲ ಕೆಂಪಾಗಿತ್ತು, ಅದರ ಕಡೆ ಅವಳಿಗೆ ಲಕ್ಷ್ಯವಿರಲಿಲ್ಲ.

“ಶುಕ್ರವಾರ ನಸುಕಿನ್ಯಾಗ ಜಾರಿ ಬಿದ್ದಾಳಂತ್ರಿ. ಮೂರು ಮೆಟ್ಟಲು. ನಿನ್ನೆ ಮಧ್ಯಾಹ್ನದಿಂದ ಕೂಸು ಮಿಸುಕಿದ್ದು ಗೊತ್ತಾಗವಲ್ದಂತ.”

ಮೂರು ಮೆಟ್ಟಿಲು ಎಂಬ ಮಾತು ಕೇಳುತ್ತಲೇ ಗೋಡೆಯ ಐದು ಬೆರಳು ಕಣ್ಣ ಮುಂದೆ ಬಂದವು. ನಾನು ಕುಂಚ ಹಿಡಿದು ಒಪ್ಪ ಮಾಡಿದ್ದು ನನ್ನ ಮಗಳು ಬಿದ್ದ ಜಾಗವನ್ನು, ಸುಣ್ಣ ಹಚ್ಚಿ ಮುಚ್ಚಿದ್ದು ಅವಳ ಕೈಯನ್ನು. ಮೂರು ದಿನ ಅವಳು ಮೇಲೆ ಒಬ್ಬಳೇ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿದ್ದಳು. ನಾನು ಕೆಳಗೆ ಹೊಟ್ಟು ಆರಿಸುತ್ತ ಕೂತಿದ್ದೆ.

ಮೇಸ್ತ್ರಿ ನಾನು ಹೇಳುವುದಕ್ಕೂ ಕಾಯದೆ ಸೂಲಗಿತ್ತಿಯನ್ನು ಕರೆತರಲು ಓಡಿದ. ಆಕೆ ಬಂದಳು, ಎಪ್ಪತ್ತರ ಹತ್ತಿರದ ಮುದುಕಿ. ಮೆಟ್ಟಿಲ ಮೇಲೆ ಕಾಲಿಟ್ಟವಳೇ ಹಿಂದಕ್ಕೆ ತೆಗೆದಳು.

“ಇದರ ಮ್ಯಾಲೆ ನಾ ಹತ್ತಂಗಿಲ್ರಿ. ನನ್ನ ಸೊಂಟ ಮುರದ್ರ ನಿಮ್ಮ ಮಗಳ್ನ ಯಾರು ನೋಡ್ತಾರ?”

ಹಿತ್ತಲಿಗೆ ಓಡಿ ಹಿಂಡಿಯ ಚೀಲ ಎಳೆದು ತಂದೆ. ಕೈಗೆ ಸಿಕ್ಕ ಒನಕೆಯಿಂದ ಕುಟ್ಟಿ, ಹನ್ನೊಂದು ಮೆಟ್ಟಿಲಿಗೂ ಹಿಂಡಿಯ ಪುಡಿ ಸುರಿದೆ, ಅದರ ಮೇಲೆ ಬೂದಿ ಸುರಿದೆ. ಎಣ್ಣೆಯನ್ನೆಲ್ಲ ಹೀರಿ ಅದು ಕೆಸರಿನಂತಾಯಿತು, ಆದರೆ ಕಾಲು ನಿಲ್ಲುತ್ತಿತ್ತು. ಮುದುಕಿಯ ಹಿಂದೆ ನಾನು, ಅವಳ ಬೆನ್ನಿಗೆ ಎರಡೂ ಕೈ ಕೊಟ್ಟು, ಒಂದೊಂದೇ ಮೆಟ್ಟಿಲು ಹತ್ತಿಸಿದೆ. ಮೇಲಿನ ಬಾಗಿಲು ಮುಟ್ಟಿದ ಮೇಲೆ ಆಕೆ ನನ್ನನ್ನು ಹೊರಗೇ ಬಿಟ್ಟು ಕದ ಹಾಕಿಕೊಂಡಳು. ನಾನು ಇಳಿದು ಬಂದು ಬುಡದ ಮೆಟ್ಟಿಲಲ್ಲಿ ಕೂತೆ.

ಒಳಗಿನಿಂದ ಒಂದು ಸದ್ದೂ ಇಲ್ಲ. ಹೆಂಡತಿ ಬೆಲ್ಲದ ಪಾನಕ ಮಾಡಿಕೊಂಡು ನನ್ನನ್ನು ದಾಟಿ ಹೋದಳು, ನನ್ನ ಕಡೆ ನೋಡಲಿಲ್ಲ. ಗಾಣ ನಿಲ್ಲಿಸಿದ್ದರು. ಆ ಮನೆಯಲ್ಲಿ ಹಗಲಿನಲ್ಲಿ ಗಾಣ ನಿಂತದ್ದನ್ನು ನಾನು ನೋಡಿದ್ದು ಅಪ್ಪ ತೀರಿಕೊಂಡ ದಿನ ಮಾತ್ರ.

ಅದೇ ಹೊತ್ತಿಗೆ ಬೀದಿಯಲ್ಲಿ ಗಾಡಿ ನಿಂತಿತು. ಬೀಗತಿ ಒಂದು ದಿನ ಮೊದಲೇ ಹೊರಟು, ಹಂಪಿಯಲ್ಲಿ ಹಣ್ಣುಕಾಯಿ ಮಾಡಿಸಿಕೊಂಡು ಬಂದಿದ್ದರು. ಪ್ರಸಾದದ ತಟ್ಟೆ ಹಿಡಿದು ಪಡಸಾಲೆಗೆ ಬಂದವರು ಮೆಟ್ಟಿಲನ್ನು ನೋಡಿದರು, ಮೈಯೆಲ್ಲ ಕೆಂಪು ಬೂದಿ ಮೆತ್ತಿಕೊಂಡು ಕೂತ ನನ್ನನ್ನು ನೋಡಿದರು.

“ಏನಾತ್ರಿ ಬೀಗರ?”

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಗಾಡಿಯವನ ಹೆಸರು, ಪುಡಿಯ ಹೆಸರು, ಹೆಂಡತಿಯ ಹೆಸರು, ಯಾವುದಾದರೂ ಒಂದನ್ನು ಹೇಳಬಹುದಿತ್ತು.

“ನಾ ಮಾಡಿದ್ದು ರೀ,” ಎಂದೆ. “ಒಣಗದ ಎಣ್ಣಿ ಹಾಕಿ ಮೆಟ್ಟಲು ಬಳದೆ. ಹುಡುಗಿ ಜಾರಿ ಬಿದ್ದಾಳ. ಕೂಸು ಮಿಸುಕವಲ್ದು.”

ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕಾದೆ. ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಅವರು ತಟ್ಟೆಯನ್ನು ನನ್ನ ಮಡಿಲಲ್ಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಮೆಟ್ಟಿಲಿಗೆ ಊರಿ ಮಕ್ಕಳು ಹತ್ತುವ ಹಾಗೆ ಹತ್ತಿ ಹೋದರು. ಕದ ತೆರೆದು ಮತ್ತೆ ಮುಚ್ಚಿತು. ನಾನು ತಟ್ಟೆ ಹಿಡಿದುಕೊಂಡೇ ಕೂತಿದ್ದೆ. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಬಾಗಿಲ ಬಿಸಿಲು ಪಡಸಾಲೆಯ ನಡುವಿನ ಕಂಬದವರೆಗೆ ಬಂದಿತ್ತು.

ಕೊನೆಗೆ ಮುದುಕಿಯ ದನಿ ಕೇಳಿಸಿತು.

“ಆಡ್ತೈತ್ರಿ! ಬಲಕ್ಕೊಂದು ಒದಿ ಕೊಟ್ತು ನೋಡ್ರಿ, ನನ್ನ ಕೈಗೇ ಬಡೀತು. ಹೊಟ್ಟಿಗಿಲ್ಲದ, ಅಂಜಿಕೊಂಡು, ತಾಯಿನೂ ಬಾಡಿದ್ಲು ಕೂಸೂ ಬಾಡಿತ್ತು.”

ನಾನು ಗಂಡಸು, ಮನೆಯ ಯಜಮಾನ, ಮೆಟ್ಟಿಲ ಬುಡದಲ್ಲಿ ಕೂತು ಜೋರಾಗಿ ಅತ್ತೆ. ಮೇಸ್ತ್ರಿ ಬಂದು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡ. ಆ ಕೂಸು ದಿನ ತುಂಬಿ ಸುಖವಾಗಿ ಹುಟ್ಟಿತು, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಓದುವವರು ನನ್ನ ಹಾಗೆ ಕಾಯುವುದು ಬೇಡ. ಕಂಪ್ಲಿಗೆ ಕರೆದೊಯ್ಯುವ ಮಾತನ್ನೂ ಬೀಗತಿ ಮತ್ತೆ ಎತ್ತಲಿಲ್ಲ. ಮೂರು ವಾರ ಅವರೇ ನಮ್ಮಲ್ಲಿ ಉಳಿದು ಸೊಸೆಯನ್ನು ನೋಡಿಕೊಂಡರು.

ಸಂಜೆ ಎಲ್ಲರೂ ಇಳಿದ ಮೇಲೆ ನಾನು ಮೇಲೆ ಹೋದೆ. ಮಗಳು ಗೋಡೆಗೆ ಒರಗಿ ಕೂತಿದ್ದಳು. ಅವಳ ಎಡ ಮೊಣಕೈ ನೀಲಿಗಟ್ಟಿತ್ತು. ಮೂರು ದಿನದ ಹಳೆಯ ಪೆಟ್ಟು, ನಾನು ನೋಡಿದ್ದು ಆಗ. ಹತ್ತಿರ ಕೂತು ಕೇಳಿದೆ, ಬಿದ್ದ ಕೂಡಲೇ ನನಗೆ ಯಾಕೆ ಹೇಳಲಿಲ್ಲ ತಾಯೀ, ಹೊಟ್ಟೆಯಲ್ಲಿ ಕೂಸಿತ್ತಲ್ಲ ಎಂದು.

ಅವಳು ಸೆರಗಿನಿಂದ ಮೊಣಕೈ ಮುಚ್ಚಿಕೊಂಡಳು. ಆಮೇಲೆ, ತಪ್ಪು ತನ್ನದೇ ಎನ್ನುವ ದನಿಯಲ್ಲಿ ಹೇಳಿದಳು:

“ಬಿದ್ದಾಗ ನಾ ಮೊದಲ ಹೊಟ್ಟಿ ಮುಟ್ಟಿ ನೋಡ್ಕೊಳ್ಳಿಲ್ಲಪ್ಪಾ. ಬಣ್ಣ ಎಷ್ಟು ಕೆಟ್ಟೈತಿ ಅಂತ ಮೆಟ್ಟಲ ನೋಡಿದೆ.”